ಅಂಚು ಮುರಿಯುವವರು

ನಮ್ಮ ಮನೆಯಲ್ಲಿ ಯಾವ ವಸ್ತುವಿಗೂ ಚೂಪು ಮೂಲೆ ಇಲ್ಲ. ಊಟದ ಮೇಜಿನ ತುದಿಗಳು ದುಂಡಗಿವೆ. ಬಾಗಿಲ ಚಿಲಕ, ಸೌಟಿನ ಹಿಡಿ, ಟ್ರಂಕಿನ ಮುಚ್ಚಳ, ಕಿಟಕಿಯ ಕೊಂಡಿ, ಎಲ್ಲವನ್ನೂ ಇವರು ಒಂದಲ್ಲ ಒಂದು ರಜೆಯ ದಿನ ಉಜ್ಜಿ ಮುಗಿಸಿದ್ದಾರೆ. ಒಮ್ಮೆ ನನ್ನ ಬಟ್ಟೆ ಕತ್ತರಿಯ ಮೊನೆಯನ್ನೂ ದುಂಡಗೆ ಮಾಡಿ, ಇನ್ನು ಕೈಗೆ ತಾಗಿದರೂ ಏನೂ ಆಗುವುದಿಲ್ಲ ಎಂದು ಹೆಮ್ಮೆಯಿಂದ ತಂದುಕೊಟ್ಟರು. ಕಾಜಾ ಕತ್ತರಿಸಲು ಮೊನೆಯೇ ಬೇಕು. ಅವತ್ತು ನಾನು ಆಡಿದ ಮಾತುಗಳನ್ನು ಇಲ್ಲಿ ಬರೆಯುವುದಿಲ್ಲ. ಅಂದಿನಿಂದ ನನ್ನ ಕತ್ತರಿಗಳು ಡಬ್ಬಿಯೊಳಗೆ ಬೀಗ ಹಾಕಿಕೊಂಡು ಮಲಗಿವೆ.

ಇವರು ಎಂದರೆ ನನ್ನ ಗಂಡ. ಕೆಲಸದ ಜಾಗದಲ್ಲಿ ಇವರಿಗೆ ಬೆಣ್ಣೆ ಮೇಸ್ತ್ರಿ ಎಂದು ಹೆಸರು. ಬಂದೂಕು ರಿಪೇರಿ ಅಂಗಡಿಯಲ್ಲಿ ರಿವಾಲ್ವರುಗಳ ಅಂಚು ಮುರಿಯುವುದು ಇವರ ಕಸುಬು. ಮುರಿಯುವುದು ಎಂದರೆ ಒಡೆದು ಹಾಕುವುದಲ್ಲ. ಕಾರ್ಖಾನೆಯಿಂದ ಬಂದ ಹೊಸ ರಿವಾಲ್ವರು ನೋಡಲು ನೀಟಾಗಿರುತ್ತದೆ, ಮುಟ್ಟಿದರೆ ಕೊಯ್ಯುತ್ತದೆ. ಬ್ಯಾಂಕಿನ ಬಾಗಿಲಲ್ಲಿ, ಹಣ ಸಾಗಿಸುವ ವ್ಯಾನುಗಳಲ್ಲಿ ಕಾವಲಿಗೆ ಕೂರುವವರು ಅದನ್ನು ದಿನವಿಡೀ ಸೊಂಟಕ್ಕೆ ಕಟ್ಟಿಕೊಂಡಿರಬೇಕು. ಅದು ಅಂಗಿ ಹರಿಯುತ್ತದೆ, ಸೊಂಟ ಗೀರುತ್ತದೆ, ಹೆಬ್ಬೆರಳಿಗೂ ತೋರುಬೆರಳಿಗೂ ನಡುವಿನ ಮೆತ್ತನೆಯ ಜಾಗವನ್ನು ಕಚ್ಚುತ್ತದೆ. ಆ ಕಚ್ಚುವ ಅಂಚುಗಳನ್ನು ಅರದಿಂದ ಒಂದಿಷ್ಟೇ ತೆಗೆದು, ಎಮರಿ ಕಾಗದದಿಂದ ಉಜ್ಜಿ, ಬಿಳಿಚಿಕೊಂಡ ಲೋಹಕ್ಕೆ ಮತ್ತೆ ಕಪ್ಪು ಬಣ್ಣ ಏರಿಸಿ ಕೊಡುತ್ತಾರೆ.

ಹೇಳಿಕೊಳ್ಳುವುದಕ್ಕೆ ನನಗೇನೂ ಸಂಕೋಚವಿಲ್ಲ, ಈ ಕಸುಬು ಹುಟ್ಟಿದ್ದು ನನ್ನ ಕೋಪದಿಂದ. ಮದುವೆಗೆ ಮುಂಚೆ ನನ್ನದೊಂದು ಸಣ್ಣ ಹೊಲಿಗೆಯ ಕೋಣೆಯಿತ್ತು. ಕಾವಲಿನವರು ತಮ್ಮ ಕೋಟುಗಳನ್ನು ರಿಪೇರಿಗೆ ಅಲ್ಲಿಗೇ ತರುತ್ತಿದ್ದರು. ಪ್ರತಿ ಕೋಟೂ ಸೊಂಟದ ಒಳಗಡೆ, ಅದೇ ಜಾಗದಲ್ಲಿ ಹರಿದಿರುತ್ತಿತ್ತು. ಹೊಲಿದು ಕೊಟ್ಟರೆ ಸ್ವಲ್ಪ ದಿನಕ್ಕೆ ಮತ್ತೆ ಹರಿದುಕೊಂಡು ಬರುತ್ತಿತ್ತು. ಕೊನೆಗೆ ತಲೆ ಕೆಟ್ಟು, ಒಬ್ಬ ಕಾವಲಿನವನ ಕೈಲಿ ಬಂದೂಕಿನ ಅಂಗಡಿಗೆ ಹೇಳಿ ಕಳಿಸಿದೆ: ಹರಿದದ್ದನ್ನು ಹೊಲಿಯುತ್ತ ಕೂರಲು ನನಗೇನು ಹುಚ್ಚೇ, ಹರಿಯುವುದನ್ನು ಮೊದಲು ಸರಿ ಮಾಡಿ ಎಂದು. ಹೀಗೆ ಜೋರು ಮಾಡಿದವರು ಯಾರು ಎಂದು ನೋಡಲು ಅಂಗಡಿಯಿಂದ ಒಬ್ಬರು ಬಂದರು. ತೆಳ್ಳಗಿನ ಮನುಷ್ಯ. ಚಾಕು ಸಾಣೆ ಹಿಡಿಯುವ ಕಾರ್ಖಾನೆಯಲ್ಲಿ ಮೊದಲು ಇದ್ದು, ಇವರು ಸಾಣೆ ಹಿಡಿದ ಚಾಕುಗಳು ಮೊಂಡಾಗುತ್ತವೆ ಎಂಬ ಕಾರಣಕ್ಕೆ ಅಲ್ಲಿಂದ ಹೊರಬಿದ್ದು, ಬಂದೂಕಿನ ಅಂಗಡಿಯಲ್ಲಿ ತಿರುಪು ಬಿಗಿಯುವ ಕೆಲಸಕ್ಕೆ ಸೇರಿದ್ದರಂತೆ. ನನ್ನ ಬಾಗಿಲಲ್ಲಿ ನಿಂತು ಹರಿದ ಕೋಟುಗಳ ಮೇಲೆ ಬೆರಳಾಡಿಸಿದರು. ಎಲ್ಲಿ ಹರಿದಿದೆ, ಎಷ್ಟು ಹರಿದಿದೆ ಎಂದು ಕೇಳಿದರು. ನನ್ನ ಮುಖವನ್ನು ನೋಡಲೇ ಇಲ್ಲ. ಆಮೇಲೆ ರೇಷ್ಮೆಯ ಚಿಂದಿ ಇದ್ದರೆ ಕೊಡಿ ಎಂದರು.

ಆ ಚಿಂದಿ ಇಂದಿಗೂ ಇವರ ಕೆಲಸದ ಜೀವಾಳ. ಅಂಚು ಮುರಿದು ಮುಗಿಸಿದ ಮೇಲೆ ರಿವಾಲ್ವರಿನ ಮೈಮೇಲೆಲ್ಲ ರೇಷ್ಮೆ ಚೂರನ್ನು ಎಳೆಯುತ್ತಾರೆ. ಒಂದು ಎಳೆ ಸಿಕ್ಕಿಕೊಂಡಿತೋ, ಅಲ್ಲಿ ಇನ್ನೂ ಅಂಚಿದೆ ಎಂದು ಅರ್ಥ. ಕಣ್ಣು ಸುಳ್ಳು ಹೇಳುತ್ತದೆ, ಬೆರಳೂ ಒಮ್ಮೊಮ್ಮೆ ಹೇಳುತ್ತದೆ, ರೇಷ್ಮೆ ಹೇಳುವುದಿಲ್ಲ ಎನ್ನುತ್ತಾರೆ. ವಾರಕ್ಕೊಮ್ಮೆ ಚಿಂದಿ ಕೇಳಲು ಬರುತ್ತಿದ್ದವರು ದಿನಕ್ಕೊಮ್ಮೆ ಬರತೊಡಗಿದಾಗ ನನಗೆ ವಿಷಯ ತಿಳಿಯಿತು. ಚಿಂದಿ ಬಟ್ಟೆಗಾಗಿ ಮದುವೆಯಾದ ಗಂಡಸು ಇವರೊಬ್ಬರೇ ಇರಬೇಕು ಎಂದು ನಾನು ಈಗಲೂ ರೇಗಿಸುತ್ತೇನೆ.

ಎಳೆ ಸಿಕ್ಕಿಕೊಳ್ಳಲೇಬೇಕಾದ ಜಾಗ ಒಂದೇ ಒಂದು. ರಿವಾಲ್ವರಿನ ಹಿಂಬದಿಯಲ್ಲಿ ಹ್ಯಾಮರ್ ಎಂಬ ಸಣ್ಣ ಬಾಲ ಇರುತ್ತದೆ. ಗುರಿ ಹಿಡಿಯುವ ಮೊದಲು ಅದನ್ನು ಹೆಬ್ಬೆರಳಿನಿಂದ ಹಿಂದಕ್ಕೆ ಎಳೆದು ನಿಲ್ಲಿಸಬೇಕು. ಬೆರಳು ಜಾರಬಾರದೆಂದು ಅದರ ಮೇಲೆ ಸಣ್ಣ ಹಲ್ಲುಗಳನ್ನು ಕೊರೆದಿರುತ್ತಾರೆ. ಆ ಹಲ್ಲಿಗೆ ಮಾತ್ರ ಅರ ತಾಗಿಸಕೂಡದು, ಅದು ಬೇಕಾದ ಅಂಚು ಎನ್ನುತ್ತಿದ್ದರು. ಹಾಗಾಗಿ ಅಂಗಡಿಯಿಂದ ವಾಪಸು ಬರುವ ಚಿಂದಿಗಳೆಲ್ಲ ಒಂದು ತುದಿಯಲ್ಲಿ ಪರಚಿಕೊಂಡಿರುತ್ತಿದ್ದವು. ನಾನು ಅವನ್ನು ದಿಂಬಿನೊಳಗೆ ತುಂಬುತ್ತಿದ್ದೆ.

ಚಿಂದಿಯ ಗಂಟು ಕೊಡಲು ನಾನು ಆಗಾಗ ಅಂಗಡಿಗೆ ಹೋಗುತ್ತೇನೆ. ಇವರ ಜಾಗ ಹಿಂದಿನ ಕೋಣೆಯಲ್ಲಿ, ಎತ್ತರದ ಕಿಟಕಿಯ ಕೆಳಗೆ. ಮಧ್ಯಾಹ್ನ ಅಲ್ಲಿ ಬಿಸಿಲಿನ ಒಂದು ಪಟ್ಟಿ ಓರೆಯಾಗಿ ಇಳಿಯುತ್ತದೆ. ಅದರೊಳಗೆ ಲೋಹದ ಪುಡಿ ತೇಲುತ್ತ, ಏಳುತ್ತ, ಎಲ್ಲಿಗೂ ಇಳಿಯದೆ ಸುಳಿಯುತ್ತಿರುತ್ತದೆ. ಅರದ ಸದ್ದು ಉಸಿರಿನಷ್ಟು ಮೆಲ್ಲಗೆ. ಇವರು ಕಣ್ಣು ಅರ್ಧ ಮುಚ್ಚಿಕೊಂಡು, ಬಾಯಿ ಸ್ವಲ್ಪ ತೆರೆದುಕೊಂಡು, ಎಲ್ಲೋ ಇರುತ್ತಾರೆ. ಎದುರಿಗೆ ನಿಂತರೂ ಕಾಣುವುದಿಲ್ಲ. ಕೆಮ್ಮಿದರೆ, "ಓ, ಬಂದ್ಯಾ" ಎನ್ನುತ್ತಾರೆ, ನಾನು ಕೂತು ಎಷ್ಟೋ ಹೊತ್ತಾಗಿರುತ್ತದೆ. ಎಲ್ಲಿ ಹೋಗಿದ್ದಿರಿ ಎಂದು ಕೇಳಿದರೆ ಒಮ್ಮೆ ನದಿಯ ದಡ ಎಂದರು, ನೀರಿನಲ್ಲಿ ಉರುಳಿ ದುಂಡಗಾದ ಕಲ್ಲುಗಳನ್ನು ನೋಡುತ್ತಿದ್ದೆ ಎಂದರು. ನಮ್ಮ ಊರಿನ ಹತ್ತಿರ ನದಿಯೇ ಇಲ್ಲ. ನನಗೂ ಆ ಕೋಣೆಯಲ್ಲಿ ಕೂತರೆ ಕಣ್ಣು ಎಳೆಯುತ್ತದೆ, ಮೈ ಹಗುರಾಗುತ್ತದೆ, ಮನೆಯ ಕೆಲಸ ನೆನಪಾಗುವುದಿಲ್ಲ.

ಒಂದು ವಿಚಿತ್ರ ಹೇಳಬೇಕು. ಇಷ್ಟು ವರ್ಷ ಬಂದೂಕಿನ ನಡುವೆ ಇದ್ದೂ ಇವರು ಒಂದು ಗುಂಡನ್ನೂ ಹಾರಿಸಿದವರಲ್ಲ. ಪಟಾಕಿ ಸದ್ದಾದರೂ ಬೆಚ್ಚುತ್ತಾರೆ. ಕೈಗೆ ಬಂದ ರಿವಾಲ್ವರು ಏನು ಮಾಡುವ ವಸ್ತು ಎಂಬುದನ್ನು ಇವರು ತಮ್ಮ ಮಟ್ಟಿಗೆ ಮರೆತೇ ಬಿಟ್ಟಿದ್ದರೇನೋ. ಹಿಡಿದವರ ಕೈಗೆ ನೋವಾಗಬಾರದು, ಅಷ್ಟೇ. ಹಿಡಿದವರ ಎದುರಿಗೆ ನಿಂತವರ ಗತಿ ಏನು ಎಂದು ನಾನು ಕೇಳಿದರೆ ಮುಖ ಸಪ್ಪೆ ಮಾಡಿಕೊಂಡು ಕಿಟಕಿಯ ಕಡೆ ನೋಡುತ್ತಿದ್ದರು. ಹಾಗಾಗಿ ಕೇಳುವುದನ್ನು ಬಿಟ್ಟೆ.

ಇಂಥವರ ಮಗಳು ಕಾವಲಿನ ಕೆಲಸಕ್ಕೆ ಸೇರಿದಳು.

ನಮಗೆ ಒಬ್ಬಳೇ ಮಗಳು. ದುಂಡು ಮೂಲೆಗಳನ್ನು ಹಿಡಿದುಕೊಂಡೇ ನಡೆಯಲು ಕಲಿತವಳು. ಓದು ಮುಗಿದ ಮೇಲೆ ಔಷಧಿ ಅಂಗಡಿಯಲ್ಲಿ ಸ್ವಲ್ಪ ದಿನ ಇದ್ದಳು, ಆಸ್ಪತ್ರೆಯ ಮುಂಬಾಗಿಲಲ್ಲಿ ಸ್ವಲ್ಪ ದಿನ, ಆಮೇಲೆ ಗಾಜಿನ ಸಾಮಾನಿನ ಮಳಿಗೆಯಲ್ಲಿ. ಯಾವುದರಲ್ಲೂ ನಿಲ್ಲಲಿಲ್ಲ. ಯಾರಾದರೂ ಜೋರಾಗಿ ಮಾತಾಡಿದರೆ ಸಾಕು, ಸಂಜೆ ಬಂದು ಗೋಡೆಗೆ ಮುಖ ಮಾಡಿ ಮಲಗುತ್ತಿದ್ದಳು, ಮಾರನೆಯ ದಿನ ಹೋಗುತ್ತಿರಲಿಲ್ಲ. ಅಂಥವಳು ಹಣ ಸಾಗಿಸುವ ವ್ಯಾನಿನ ಕಾವಲಿಗೆ ಹೆಸರು ಕೊಟ್ಟು ಬಂದಾಗ ನಾನು ನಕ್ಕುಬಿಟ್ಟೆ. ನಗಬಾರದಿತ್ತು. ಖಾಕಿ ಅಂಗಿ ತೊಟ್ಟು ಕನ್ನಡಿಯ ಮುಂದೆ ನಿಂತವಳ ಬೆನ್ನು ಬಿಗಿದು ಕಟ್ಟಿದ ಹಗ್ಗದ ಹಾಗೆ ನೆಟ್ಟಗಾಗಿತ್ತು. ಬೆಳಿಗ್ಗೆ ನಾನು ಎಬ್ಬಿಸದೆಯೇ ಏಳತೊಡಗಿದಳು. ತರಬೇತಿಯಲ್ಲಿ ಏನಾಯಿತು ಎಂದು ಊಟ ಮಾಡುತ್ತ ಹೇಳುತ್ತಿದ್ದಳು, ಅನ್ನ ತಟ್ಟೆಯಲ್ಲೇ ಒಣಗುತ್ತಿತ್ತು. ಗುರಿಯ ಪರೀಕ್ಷೆಯೊಂದರಲ್ಲಿ ಪಾಸಾದರೆ ಕೆಲಸ ಕಾಯಂ. ಆಗದಿದ್ದರೆ ಅಂಗಿ ವಾಪಸು ಕೊಟ್ಟು ಮನೆಗೆ ಬರಬೇಕು, ಎರಡನೆಯ ಅವಕಾಶ ಇಲ್ಲ. ಈ ಕೆಲಸವೂ ಹೋದರೆ ಈ ಹುಡುಗಿ ಮತ್ತೆ ಗೋಡೆ ಕಡೆಯಿಂದ ಈಚೆ ತಿರುಗುವುದಿಲ್ಲ ಎಂದು ನಾನು ಹೆದರಿದೆ.

ಇವರು ಹೂಂ ಎನ್ನಲಿಲ್ಲ, ಉಹೂಂ ಎನ್ನಲಿಲ್ಲ. ಆದರೆ ಊಟಕ್ಕೆ ಕೂತಾಗ ಅವಳ ಬಲಗೈ ಹೆಬ್ಬೆರಳನ್ನೇ ನೋಡುತ್ತಿದ್ದರು. ಹ್ಯಾಮರಿನ ಹಲ್ಲು ತಾಗಿ ಅಲ್ಲಿ ಬೊಬ್ಬೆ ಎದ್ದಿತ್ತು.

ಆ ತಿಂಗಳು ಕಾವಲು ಸಂಸ್ಥೆಯವರು ಹೊಸ ರಿವಾಲ್ವರುಗಳ ಒಂದು ಕಂತನ್ನು ಅಂಚು ಮುರಿಯಲು ಇವರ ಅಂಗಡಿಗೇ ಕಳಿಸಿದರು. ಇವರ ಪದ್ಧತಿ ಹೀಗೆ: ಖಾಲಿ ರಿವಾಲ್ವರಿಗೆ ದೀಪದ ಮಸಿ ಸವರಿ, ಅದನ್ನು ಬಳಸುವವರ ಕೈಗೇ ಕೊಡುತ್ತಾರೆ. ಅವರು ಹಿಡಿದು, ಬಿಟ್ಟು, ಮತ್ತೆ ಹಿಡಿಯಬೇಕು. ಎಲ್ಲಿ ಮಸಿ ಅಳಿಸಿತೋ ಅಲ್ಲಿ ಕೈ ಒತ್ತುತ್ತದೆ, ಅಲ್ಲಿ ಅಂಚು ಮುರಿಯಬೇಕು. ಕಾವಲಿನವರು ಒಬ್ಬೊಬ್ಬರಾಗಿ ಬಂದು ಕೈ ಕಪ್ಪು ಮಾಡಿಕೊಂಡು ಹೋದರು. ನಮ್ಮ ಮಗಳೂ ಬಂದಳು. ಅವತ್ತು ನಾನು ಚಿಂದಿಯ ಗಂಟಿನೊಂದಿಗೆ ಅಲ್ಲೇ ಇದ್ದೆ. ಖಾಕಿ ತೊಟ್ಟ ಮಗಳು ಅಪ್ಪನ ಮುಂದೆ ಗಿರಾಕಿಯ ಹಾಗೆ ನಿಂತು, ನಗು ತಡೆದುಕೊಂಡು, ಮಸಿ ಮೆತ್ತಿದ ರಿವಾಲ್ವರನ್ನು ಹಿಡಿದಳು. ಇವರು ಅವಳ ಅಂಗೈಯನ್ನು ಬಿಸಿಲಿನ ಪಟ್ಟಿಗೆ ಹಿಡಿದು ಬಹಳ ಹೊತ್ತು ನೋಡಿದರು. ಹಿಂದೆ ನಿಂತವನು ಬೇಗ ಆಗಲಿ ಮೇಸ್ತ್ರಿ ಎನ್ನುವವರೆಗೂ ಕೈ ಬಿಡಲಿಲ್ಲ.

ಅವಳ ರಿವಾಲ್ವರಿಗೆ ಇವರು ತೆಗೆದುಕೊಂಡಷ್ಟು ಸಮಯ ಬೇರೆ ಯಾವುದಕ್ಕೂ ತೆಗೆದುಕೊಂಡಿರಲಿಕ್ಕಿಲ್ಲ. ಮುಗಿಸಿದ ದಿನ ಮನೆಗೆ ಬಂದು ನೀಲಿ ರೇಷ್ಮೆಯ ಚೂರನ್ನು ನನ್ನ ಮಡಿಲಿಗೆ ಹಾಕಿದರು. "ನೋಡೇ, ಒಂದು ಎಳೆ ಕೂಡ ಸಿಗಲಿಲ್ಲ" ಎಂದರು. ಕಣ್ಣಲ್ಲಿ ನೀರು ತುಂಬಿಕೊಂಡಿತ್ತು. ನಾನು ಹೊಲಿಗೆ ಯಂತ್ರದ ಗದ್ದಲದಲ್ಲಿ ಸರಿ ಸರಿ ಎಂದು ಅದನ್ನು ಚೀಲಕ್ಕೆ ತುರುಕಿದೆ.

ಆಮೇಲೆ ಸ್ವಲ್ಪ ದಿನಕ್ಕೆ ಮಗಳ ಮಾತು ಕಡಿಮೆಯಾಯಿತು. ಅಭ್ಯಾಸದಲ್ಲಿ ಹೆಬ್ಬೆರಳು ಜಾರುತ್ತಿದೆ, ಹ್ಯಾಮರ್ ನಿಲ್ಲುತ್ತಲೇ ಇಲ್ಲ, ಗುರಿ ಹಿಡಿಯುವ ಹೊತ್ತಿಗೆ ಸಮಯ ಮುಗಿದ ಗಂಟೆ ಹೊಡೆದುಬಿಡುತ್ತದೆ ಎಂದಳು. ಮೊದಮೊದಲು ಎಲ್ಲರಿಗಿಂತ ಬೇಗ ಮುಗಿಸುತ್ತಿದ್ದವಳು ಈಗ ಎಲ್ಲರಿಗಿಂತ ಹಿಂದೆ. ತರಬೇತಿ ಕೊಡುವವರು ಎಲ್ಲರ ಮುಂದೆ, ನಿನ್ನ ಹೆಬ್ಬೆರಳಲ್ಲಿ ಕಸುವಿಲ್ಲ, ಇದು ನಿನ್ನ ಕೈಗೆ ಆಗುವ ಕೆಲಸವಲ್ಲ ಎಂದರಂತೆ. ಅವತ್ತಿನಿಂದ ಅವಳು ಹಿತ್ತಲಲ್ಲಿ ನಿಂತು ಒದ್ದೆ ಬಟ್ಟೆಗಳನ್ನು ಹಿಂಡತೊಡಗಿದಳು. ಹಿಂಡಿದ್ದನ್ನು ಮತ್ತೆ ನೆನೆಸುವುದು, ಮತ್ತೆ ಹಿಂಡುವುದು. ಕೈಯಲ್ಲಿ ಬಲ ಬರಲಿ ಎಂದು. ಸಣ್ಣ ಮಕ್ಕಳಿಗೆ ಬೈಯುವ ಹಾಗೆ ತನ್ನ ಬಲಗೈಗೆ ತಾನೇ ಬೈದುಕೊಳ್ಳುವುದು ಅಡುಗೆ ಮನೆಗೆ ಕೇಳಿಸುತ್ತಿತ್ತು.

ಇವರು ಊಟ ಅರ್ಧಕ್ಕೆ ಬಿಟ್ಟು ಏಳುತ್ತಿದ್ದರು. ಕೆಲಸದಿಂದ ಬರುವಾಗ ನಮ್ಮ ಮನೆಯನ್ನು ದಾಟಿ ಬೀದಿಯ ಕೊನೆಯವರೆಗೆ ನಡೆದುಹೋಗಿ ವಾಪಸು ಬರುತ್ತಿದ್ದರು. ಅದು ಹೊಸದೇನಲ್ಲ, ಹಾಗಾಗಿ ನಾನು ತಲೆಗೆ ಹಚ್ಚಿಕೊಳ್ಳಲಿಲ್ಲ.

ಒಂದು ರಜೆಯ ಮಧ್ಯಾಹ್ನ ದಿಂಬಿಗೆ ತುಂಬಲು ಚಿಂದಿಯ ಚೀಲ ಸುರುವಿಕೊಂಡು ಕೂತೆ. ಮನೆ ನಿಶ್ಶಬ್ದವಾಗಿತ್ತು. ಹಿತ್ತಲಲ್ಲಿ ನೀರು ತೊಟ್ಟಿಕ್ಕುವ ಸದ್ದು ಮಾತ್ರ. ಒಂದೊಂದೇ ಚೂರನ್ನು ಬಿಡಿಸುತ್ತ ನನಗೂ ಮಂಪರು ಬಂದ ಹಾಗಾಗಿತ್ತು. ಪರಚಿದ ತುದಿ, ಪರಚಿದ ತುದಿ, ಪರಚಿದ ತುದಿ. ಆಮೇಲೆ ಕೈಗೆ ಒಂದು ನೀಲಿ ಚೂರು ಬಂತು. ಅದು ಕತ್ತರಿಸಿದಾಗ ಹೇಗಿತ್ತೋ ಹಾಗೇ ಇತ್ತು. ಈ ತುದಿ ನೋಡಿದೆ, ಆ ತುದಿ ನೋಡಿದೆ, ಕಿಟಕಿಯ ಬೆಳಕಿಗೆ ಹಿಡಿದೆ. ಎಲ್ಲೂ ಒಂದು ಎಳೆ ಎದ್ದಿರಲಿಲ್ಲ. ಇವರು ನನ್ನ ಮಡಿಲಿಗೆ ಹಾಕಿದ್ದ ಚೂರು ಅದು.

ಇವರು ಮಂಚದ ಮೇಲೆ ಸೂರು ನೋಡುತ್ತ ಮಲಗಿದ್ದರು. ನಾನು ಚೂರನ್ನು ಮುಖದ ಮುಂದೆ ಹಿಡಿದೆ. ಏನೂ ಕೇಳಬೇಕಾಗಲಿಲ್ಲ.

"ಚುಚ್ತಿತ್ತು ಕಣೇ," ಎಂದರು. "ಹೆಬ್ಬೆರಳು ನೋಡಿದ್ಯಲ್ಲ ನೀನೂ. ಹಲ್ಲು ತೆಗೀಬೇಕು ಅಂತ ನಾನು ಅಂದ್ಕೊಳ್ಳಲಿಲ್ಲ. ಕೈ ಹೋಗ್ಬಿಡ್ತು."

"ಹೋಗೋಕೆ ಕೈಗೇನು ಕಾಲಿದ್ಯಾ?" ಎಂದೆ. ಅಷ್ಟು ಕೋಪ ಬಂದಿತ್ತು ನನಗೆ.

ಆಮೇಲೆ ನಿಧಾನವಾಗಿ ಎಲ್ಲ ಹೇಳಿದರು. ಅವಳ ರಿವಾಲ್ವರಿನ ಕೆಲಸ ಮಾಡುವಾಗ ತಾವು ಅಂಗಡಿಯಲ್ಲಿ ಇರಲೇ ಇಲ್ಲವಂತೆ. ಅವಳು ಕೂಸಾಗಿದ್ದಾಗ ಇವರ ತೋರುಬೆರಳನ್ನು ಮುಷ್ಟಿಯಲ್ಲಿ ಹಿಡಿದು ನಿದ್ದೆ ಮಾಡುತ್ತಿದ್ದಳು. ಆ ಮುಷ್ಟಿಯ ಬಿಸಿಯೊಳಗೆ ಇವರು ಇದ್ದರಂತೆ. ಎಚ್ಚರವಾದಾಗ ಹ್ಯಾಮರ್ ಬೆಣ್ಣೆಯ ಹಾಗೆ ನುಣ್ಣಗಾಗಿತ್ತು, ಅದನ್ನು ಕಂಡು ಸಂತೋಷವೇ ಆಯಿತಂತೆ. ಬೆರಳು ಜಾರುತ್ತಿದೆ ಎಂದು ಅವಳು ಹೇಳಿದ ದಿನವೇ ಇವರಿಗೆ ಗೊತ್ತಾಗಿತ್ತು. ಹೇಳಲು ಬಾಯಿ ಬಂದಿರಲಿಲ್ಲ. ಹೊಸ ಹ್ಯಾಮರ್ ತರಿಸಿ ಯಾರಿಗೂ ತಿಳಿಯದ ಹಾಗೆ ಬದಲಿಸಿಬಿಡೋಣ ಎಂದು ಅಂಗಡಿಯ ಮಾಲೀಕರ ಹತ್ತಿರ ವಿಚಾರಿಸಿದ್ದರು. ಪರೀಕ್ಷೆಯೊಳಗೆ ಅದು ಬರುವ ಹಾಗಿರಲಿಲ್ಲ.

"ಅವಳು ಅಲ್ಲಿ ಬಟ್ಟೆ ಹಿಂಡ್ತಿದಾಳೆ ರೀ," ಎಂದೆ. "ತನ್ನ ಕೈಯೇ ಸರಿ ಇಲ್ಲ ಅಂತ."

ಇವರು ಎದ್ದು ಹಿತ್ತಲಿಗೆ ಹೋದರು. ನಾನು ಬಾಗಿಲ ಹಿಂದೆ ನಿಂತೆ. ಇವರಿಗೆ ಬಳಸಿ ಮಾತಾಡಲು ಬರುವುದಿಲ್ಲ. ನಿನ್ನ ಹೆಬ್ಬೆರಳಲ್ಲಿ ಏನೂ ದೋಷವಿಲ್ಲ, ಹಲ್ಲು ಉಜ್ಜಿ ಹಾಕಿದವನು ನಾನು, ಅಂಥ ಹ್ಯಾಮರನ್ನು ಯಾರು ಎಳೆದರೂ ಜಾರುತ್ತದೆ ಎಂದರು. ಅವಳು ಕೈಯಲ್ಲಿದ್ದ ಒದ್ದೆ ಬಟ್ಟೆಯನ್ನು ಹಿಡಿದುಕೊಂಡೇ ಇದ್ದಳು. ಅದರಿಂದ ನೀರು ಅವಳ ಪಾದದ ಮೇಲೆ ಸುರಿಯುತ್ತಿತ್ತು.

"ಅಪ್ಪ, ಅವತ್ತಿಂದ ನಾನು ನನ್ನ ಕೈಗೇ ಬೈಕೊಳ್ತಿದೀನಿ," ಎಂದಳು. "ನಿನಗೆ ಕೇಳಿಸ್ತಿತ್ತು."

ಕೇಳಿಸುತ್ತಿತ್ತು ಎಂದರು ಇವರು. ಅವಳು ಬಟ್ಟೆಯನ್ನು ಕಲ್ಲಿನ ಮೇಲೆ ಬಿಟ್ಟು ಒಳಗೆ ಹೋದಳು.

ಆಮೇಲೆ ಅಪ್ಪ ಮಗಳ ನಡುವೆ ಮಾತು ನಿಂತಿತು. ಒಂದೇ ಕೋಣೆಯಲ್ಲಿ ಕೂತಿದ್ದರೂ, ಅಪ್ಪನಿಗೆ ಊಟಕ್ಕೆ ಬರಲು ಹೇಳು ಎಂದು ನನಗೆ ಹೇಳುತ್ತಿದ್ದಳು. ಅವಳಿಗೆ ಬಡಿಸು ಎಂದು ಇವರೂ ನನಗೇ ಹೇಳುತ್ತಿದ್ದರು. ಇಬ್ಬರ ನಡುವೆ ನಾನು ಅಂಚೆಯವಳಾದೆ, ಅದೂ ಮೂರಡಿ ದೂರಕ್ಕೆ. ಬೇರೆ ಸಮಯವಾಗಿದ್ದರೆ ನಗುತ್ತಿದ್ದೆ. ಆದರೆ ಪರೀಕ್ಷೆ ಹತ್ತಿರ ಬರುತ್ತಿತ್ತು, ಅವಳು ಅದಕ್ಕೆ ಹೋಗುತ್ತಾಳೋ ಇಲ್ಲವೋ ಎಂದು ಕೇಳಲು ನನಗೂ ಧೈರ್ಯವಾಗಲಿಲ್ಲ.

ಇವರು ಮಾಲೀಕರ ಮುಂದೆ ನಿಂತು ತಪ್ಪು ಒಪ್ಪಿಕೊಂಡರು. ಅವರು ಬೈದರು, ಬೈಯಬೇಕಾದದ್ದೇ. ಆಮೇಲೆ ಹ್ಯಾಮರಿನಲ್ಲಿ ಇನ್ನೂ ಲೋಹ ಉಳಿದಿದೆ, ಹೊಸದಾಗಿ ಹಲ್ಲು ಕೊರೆಯಬಹುದು, ನೀನೇ ಕೆಡಿಸಿದ್ದನ್ನು ನೀನೇ ಸರಿ ಮಾಡು ಎಂದು ಹಲ್ಲು ಕೊರೆಯುವ ಸಣ್ಣ ಅರವೊಂದನ್ನು ಕೈಗೆ ಕೊಟ್ಟರು. ಮೊದಲು ಹಿತ್ತಾಳೆಯ ತುಂಡುಗಳ ಮೇಲೆ ಕಲಿತುಕೋ ಎಂದರು.

ಇವರಿಗೆ ಅದು ಬರಲಿಲ್ಲ. ಮನೆಯ ಮೇಜಿನ ಮೇಲೆ ಹಿತ್ತಾಳೆಯ ತುಂಡನ್ನು ಬಿಗಿದುಕೊಂಡು ಗೆರೆ ಎಳೆಯುತ್ತಿದ್ದರು. ಗೆರೆ ನೇರವಾಗಿಯೇ ಹೊರಡುತ್ತಿತ್ತು. ಕೊನೆ ಬರುವ ಹೊತ್ತಿಗೆ ಮಣಿಕಟ್ಟು ತಾನಾಗಿ ಒಂದು ಸುತ್ತು ಹೊರಳಿ, ಎದ್ದ ಹಲ್ಲನ್ನು ತಡವಿ ಮಲಗಿಸಿಬಿಡುತ್ತಿತ್ತು. ಎಷ್ಟೋ ವರ್ಷ ಮಲಗಿಸಿಯೇ ಅಭ್ಯಾಸವಾದ ಕೈ. ತುಂಡಿನ ಮೇಲೆ ತುಂಡು ಹಾಳಾಯಿತು. ಕಿಟಕಿಯ ಬೆಳಕು ಮೇಜಿನಿಂದ ನೆಲಕ್ಕೆ, ನೆಲದಿಂದ ಗೋಡೆಗೆ ಹತ್ತುತ್ತಿತ್ತು. ಹಿತ್ತಾಳೆಯ ಹೊಂಬಣ್ಣದ ಪುಡಿ ಇವರ ಮೊಣಕೈಯವರೆಗೆ ಅಂಟಿಕೊಂಡಿತ್ತು. ಒಮ್ಮೆ ಅರವನ್ನು ಕೆಳಗಿಟ್ಟು, ತಮ್ಮ ಕೈಯನ್ನು ಯಾರದೋ ಎಂಬಂತೆ ತಿರುಗಿಸಿ ನೋಡಿದರು. "ಇದು ನನ್ನ ಮಾತು ಕೇಳಲ್ಲ," ಎಂದರು.

ನನಗೆ ಸಿಟ್ಟೂ ಇತ್ತು, ಪಾಪ ಎಂದೂ ಅನ್ನಿಸಿತು. ನನ್ನ ಮರದ ಅಳತೆಪಟ್ಟಿಯನ್ನು ಇವರ ಮುಂಗೈ ಕೆಳಗಿಟ್ಟು, ಮಣಿಕಟ್ಟಿನಿಂದ ಅಂಗೈಯವರೆಗೆ ಅಳತೆಯ ಟೇಪಿನಿಂದ ಬಿಗಿಯಾಗಿ ಸುತ್ತಿ ಗಂಟು ಹಾಕಿದೆ. ಮುರಿದ ಕೈಗೆ ಕಟ್ಟುವ ಹಾಗೆ. ಈಗ ಹೊರಳಲಿ ನೋಡೋಣ ಎಂದೆ. ಹೊರಳಲಿಲ್ಲ. ಗೆರೆ ಕೊನೆಯವರೆಗೆ ನೇರ ಹೋಯಿತು, ಹಲ್ಲು ಎದ್ದು ನಿಂತಿತು. ಮಗಳು ಒಳಕೋಣೆಯ ಬಾಗಿಲಿಗೆ ಒರಗಿ ನೋಡುತ್ತಿದ್ದಳು. ನಾನು ತಿರುಗಿದಾಗ ಅವಳು ಇರಲಿಲ್ಲ.

ಸಂಸ್ಥೆಯಿಂದ ಮತ್ತೆ ಅಂಗಡಿಗೆ ತರಿಸಿಕೊಂಡ ಅವಳ ರಿವಾಲ್ವರಿನ ಹ್ಯಾಮರಿಗೆ ಹಲ್ಲು ಕೊರೆದದ್ದೂ ಹಾಗೇ, ಕೈಗೆ ನನ್ನ ಟೇಪು ಸುತ್ತಿಕೊಂಡು. ಬೆಣ್ಣೆ ಮೇಸ್ತ್ರಿಗೆ ಬೇಡಿ ಬಿತ್ತು ಎಂದು ಅಂಗಡಿಯವರೆಲ್ಲ ನಕ್ಕರಂತೆ. ಅವತ್ತು ತಂದ ರೇಷ್ಮೆಯ ಚೂರು ಒಂದು ತುದಿಯಲ್ಲಿ ಚಿಂದಿ ಚಿಂದಿಯಾಗಿತ್ತು. ಬಟ್ಟೆ ಹರಿದದ್ದಕ್ಕೆ ಯಾರಾದರೂ ಅಷ್ಟು ಸಂತೋಷಪಟ್ಟದ್ದನ್ನು ನಾನು ಕಂಡಿಲ್ಲ. ರಿವಾಲ್ವರು ಸಂಸ್ಥೆಗೆ ವಾಪಸು ಹೋಯಿತು. ಹೇಳು ಅವಳಿಗೆ, ಈಗ ಜಾರುವುದಿಲ್ಲ ಎಂದು ಇವರು ನನಗೆ ಹೇಳಿದರು. ಅವಳು ಅಲ್ಲೇ ಬೂಟಿಗೆ ಪಾಲಿಶ್ ಹಾಕುತ್ತಿದ್ದಳು. ನಾನು ಹೇಳಿದೆ. ಅವಳು ತಲೆಯೆತ್ತಲಿಲ್ಲ, ಬೂಟು ಉಜ್ಜುವುದನ್ನೂ ನಿಲ್ಲಿಸಲಿಲ್ಲ.

ಪರೀಕ್ಷೆಯ ದಿನ ಅವಳು ಎದ್ದು, ಸ್ನಾನ ಮಾಡಿ, ನೆಟ್ಟಗೆ ಹೊರಟುಹೋದಳು. ಇವರು ಕೆಲಸಕ್ಕೆ ಹೋಗಲಿಲ್ಲ. ಕುರ್ಚಿಯನ್ನು ಬಾಗಿಲಿಗೆ ಎಳೆದುಕೊಂಡು ಬೀದಿ ನೋಡುತ್ತ ಕೂತರು. ನಾನು ಯಂತ್ರದ ಮುಂದೆ ಕೂತೆ, ಒಂದೇ ತೋಳನ್ನು ಎರಡು ಸಲ ತಪ್ಪು ಹೊಲಿದು ಬಿಚ್ಚಿದೆ. ಬೀದಿಯಲ್ಲಿ ನೆರಳು ಈ ಬದಿಯಿಂದ ಆ ಬದಿಗೆ ಹೋಯಿತು. ಯಾರೂ ಏನೂ ತಿನ್ನಲಿಲ್ಲ. ಇವರು ಆ ದಿನ ಎಲ್ಲೂ ಹೋಗಲಿಲ್ಲ, ನದಿಗೂ ಹೋಗಲಿಲ್ಲ, ಮುಷ್ಟಿಯೊಳಗೂ ಹೋಗಲಿಲ್ಲ. ಕಣ್ಣು ಪೂರ್ತಿ ತೆರೆದುಕೊಂಡು ಇಲ್ಲೇ ಕೂತಿದ್ದರು. ಅಷ್ಟು ಹೊತ್ತು ಇವರು ಇಲ್ಲೇ ಇದ್ದದ್ದನ್ನು ಕಂಡು ನನಗೆ ಹೆದರಿಕೆಯಾಯಿತು.

ಬಿಸಿಲು ಇಳಿದ ಮೇಲೆ ಅವಳು ಬಂದಳು. ಅಂಗಿ ಮೈಮೇಲೇ ಇತ್ತು. ನಾನು ಮೊದಲು ನೋಡಿದ್ದು ಅದನ್ನೇ. ಬೂಟು ಬಿಚ್ಚದೆ ಇವರ ಕುರ್ಚಿಯ ಎದುರಿಗೆ ನೆಲದ ಮೇಲೆ ಕೂತಳು.

"ಅಪ್ಪ," ಎಂದಳು. ನಾನು ಯಂತ್ರ ನಿಲ್ಲಿಸಿದೆ. "ನನಗೆ ಇವತ್ತು ಸಿಕ್ಕಿದ್ದು ಆ ರಿವಾಲ್ವರ್ ಅಲ್ಲ."

ಯಾವುದು ಸಿಕ್ಕರೂ ಹೊಡೆಯಲು ಬರಬೇಕೆಂದು, ಪರೀಕ್ಷೆಯಲ್ಲಿ ಯಾರಿಗೆ ಯಾವುದು ಎಂದು ಅಲ್ಲೇ ಚೀಟಿ ಎತ್ತಿ ಕೊಡುತ್ತಾರಂತೆ. ಇವರು ಹಲ್ಲು ಕೊರೆದದ್ದು ಬೇರೊಬ್ಬ ಹುಡುಗಿಯ ಕೈಗೆ ಹೋಯಿತು. ನಮ್ಮವಳಿಗೆ ಬಂದದ್ದು ಆಗತಾನೇ ಪೆಟ್ಟಿಗೆಯಿಂದ ತೆಗೆದ ಹೊಸದು, ಅಂಗಡಿಯ ಮುಖವನ್ನೇ ಕಾಣದ್ದು.

ಇವರು ಕುರ್ಚಿಯಲ್ಲಿ ಮುಂದಕ್ಕೆ ಬಾಗಿದರು. "ಅಂಚು?" ಎಂದರು.

"ಎಲ್ಲಾ ಇತ್ತು." ಅಂಗೈ ತಿರುಗಿಸಿ ತೋರಿಸಿದಳು. ಹೆಬ್ಬೆರಳ ಬುಡದಲ್ಲಿ ಕೆಂಪು ಗೀರು, ಅದರ ಮೇಲೆ ಒಣಗಿದ ರಕ್ತ.

"ಚುಚ್ಚಿತಾ?"

"ಚುಚ್ತು."

"ಆಮೇಲೆ?"

"ಆಮೇಲೇನಪ್ಪ, ಹೊಡೆದೆ. ಪಾಸಾದೆ."

ನಾನು ಅತ್ತುಬಿಟ್ಟೆ. ಅಳುತ್ತಲೇ, ಹಾಗಾದರೆ ಅಷ್ಟೆಲ್ಲ ಹಿತ್ತಾಳೆ, ನನ್ನ ಟೇಪು, ಪಟ್ಟಿ, ಎಲ್ಲ ಯಾವನಿಗಾಗಿ ಎಂದು ಕೇಳಿದೆ. ನನ್ನ ಸ್ವಭಾವವೇ ಅಂಥದ್ದು. ಅವಳು ನನ್ನ ಕಡೆ ನೋಡಲಿಲ್ಲ, ಅಪ್ಪನನ್ನೇ ನೋಡುತ್ತಿದ್ದಳು.

"ಹೆಬ್ಬೆರಳು ಸರಿಯಾಗೇ ಇದೆ ಅಂತ ಹೇಳಿದ್ಯಲ್ಲಪ್ಪ," ಎಂದಳು. "ಅದೊಂದು ಗೊತ್ತಿತ್ತು ನನಗೆ."

ಇವರು ಕುರ್ಚಿಯ ತೋಳನ್ನು ಸುಮ್ಮನೆ ಸವರುತ್ತಿದ್ದರು. ಅವಳೇ ಮುಂದುವರಿಸಿದಳು. ಪರೀಕ್ಷೆಗೆ ಹಿಡಿದ ರಿವಾಲ್ವರೇ ಇನ್ನು ಮೇಲೆ ಅವಳದಂತೆ. ದಿನಾ ಕಟ್ಟಿಕೊಂಡರೆ ಅಂಗಿ ಹರಿಯುತ್ತದೆ, ಅಂಗಡಿಗೆ ತರುತ್ತೇನೆ ಎಂದಳು.

"ಬೇರೆ ಯಾರ ಕೈಲಾದ್ರೂ ಮಾಡಿಸು ಮಗಳೇ," ಎಂದರು ಇವರು. "ನನ್ನ ಕೈ ನಂಬಬೇಡ."

"ಬೇರೆಯವರು ಯಾರಿದಾರೆ? ನೀನೇ ಮಾಡು. ಆದ್ರೆ ನಾನು ಹೇಳಿದಷ್ಟು ಮಾತ್ರ."

ಬೀದಿಯಲ್ಲಿ ಯಾರೋ ಸೈಕಲ್ ತಳ್ಳಿಕೊಂಡು ಹೋದರು. ಇವರು ಕುರ್ಚಿಯಿಂದ ಇಳಿದು ಅವಳ ಪಕ್ಕದಲ್ಲಿ ನೆಲದ ಮೇಲೆ ಕೂತರು.

"ಎಲ್ಲೆಲ್ಲಿ, ಹೇಳು," ಎಂದರು.

ಅವಳು ಗಾಯದ ಅಂಗೈಯನ್ನು ಮುಂದೆ ಚಾಚಿ ಎಡಗೈ ಬೆರಳಿನಿಂದ ತೋರಿಸತೊಡಗಿದಳು. ಇಲ್ಲಿ ಬೇಕು. ಇಲ್ಲಿ ಸ್ವಲ್ಪ ಸಾಕು. ಇಲ್ಲಿ ಬೇಡ, ಇದು ಹಾಗೇ ಇರಲಿ. ಇವರು ಪ್ರತಿಯೊಂದಕ್ಕೂ ಹೂಂ, ಹೂಂ ಎನ್ನುತ್ತಿದ್ದರು.